ಬೆನ್ನಿಗೆ ಬಿದ್ದ ಕೈ

ಕಾಡಿನ ಸುತ್ತುದಾರಿಯ ಕೊನೆಯ ಏರಿನಲ್ಲಿ ತಂಗಿಯ ಸೈಕಲ್ಲು ಬೇರಿಗೆ ಸಿಕ್ಕಿ ತಡವರಿಸಿದ್ದೇ ತಡ, ಪಕ್ಕದಲ್ಲೇ ತುಳಿಯುತ್ತಿದ್ದ ಅಣ್ಣ ಅವಳ ಬೆನ್ನಿಗೆ ಕೈಕೊಟ್ಟು ತಳ್ಳಿದ. ಮಂಡಿಯ ಆಪರೇಷನ್ ಆದಮೇಲೆ ಅವಳು ಬೆಟ್ಟ ಹತ್ತುತ್ತಿದ್ದದ್ದು ಇದೇ ಮೊದಲು. "ಕೈ ತೆಗಿಯೋ!" ಎಂದು ಕೂಗುವಷ್ಟರಲ್ಲಿ ತುದಿ ಬಂದೇಬಿಟ್ಟಿತ್ತು.

"ನೋಡೇ, ಕೆರೆ, ಊರು, ಎಲ್ಲಾ ಕಾಣ್ತಿದೆ. ಇನ್ನೇನಿದ್ರೂ ಇಳಿಜಾರು," ಅಣ್ಣ ಬೀಗಿದ. "ನಾನಿಲ್ದಿದ್ರೆ ಅರ್ಧ ದಾರೀಲೇ ಕೂತಿರ್ತಿದ್ದೆ."

ಅವಳು ಅತ್ತ ಕಣ್ಣೆತ್ತಿಯೂ ನೋಡಲಿಲ್ಲ. ಸೈಕಲ್ ತಿರುಗಿಸಿ, ಹತ್ತಿ ಬಂದ ಏರನ್ನೇ ಸರ್ರನೆ ಇಳಿದು ಬುಡದಲ್ಲಿ ನಿಂತಳು.

"ತಲೆ ಕೆಟ್ಟಿದ್ಯಾ? ಬಾರೇ ಮೇಲೆ!"

ಅವಳು ಗೇರು ಇಳಿಸಿ, ಪೆಡಲ್ ಮೇಲೆ ಎದ್ದು ನಿಂತಳು. "ಬರ್ತೀನಿ. ಊರೇನೂ ಓಡಿಹೋಗಲ್ಲ, ಹತ್ತಿ ಬಂದೇ ನೋಡ್ತೀನಿ. ನೀನು ಅಲ್ಲೇ ಕೈಕಟ್ಕೊಂಡು ನಿಂತಿರು."