ಮೂವತ್ತೆಂಟು ವರ್ಷ ಕೈಗೆ ಸಿಗದ ಹದಿನೈದು ಸ್ವರ

"ನಿಲ್ಲಿಸು... ನಾಕು ಸೆಕೆಂಡ್ ಹಿಂದಕ್ಕ ಹೋಗು."

ಶೈಲಾ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದಳು. ಕ್ಯಾಸೆಟ್ ಕಿರ್ರೆಂದು ಹಿಂದಕ್ಕೆ ಓಡಿತು. ಮತ್ತೆ ಅದೇ ಗಿಟಾರ್... ಮತ್ತೆ ಅದೇ ಹದಿನೈದು ಸ್ವರ.

"ಈಗ ಹಾಡು."

ಹಾಡಿದಳು. ಒಂದೂ ತಪ್ಪಲಿಲ್ಲ.

"ಈಗ ಬಾರಿಸು."

ಒಂಬತ್ತನೇ ಸ್ವರಕ್ಕೆ ಬೆರಳು ಎಡವಿತು... ಹನ್ನೊಂದನೇ ಸಲ.

ಡೆನ್ಜಿಲ್ ಸರ್ ನಕ್ಕರು. "ಮೆಡಿಕಲ್ ಶಾಪಿನ್ಯಾಗ ದಿನಾ ಡಾಕ್ಟರ್‌ಗಳ ಅಕ್ಷರ ಓದ್ತಿ. ಈ ರೆಕಾರ್ಡಿನ ಅಮೆರಿಕಾದಂವನ ಕೈ ಓದಾಕ ಬರವಲ್ದೇನು?"

"ನಿಮಗ ಬರ್ತದೇನ್ರಿ ಸರ್?"

"ಇಲ್ಲ. ಮೂವತ್ತೆಂಟು ವರ್ಷ ಆತು... ಬಂದಿಲ್ಲ."

ಹುಬ್ಬಳ್ಳಿಯ ಕೇಶ್ವಾಪುರದ ಆ ಮನೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಇದೇ ಕೆಲಸ. ಹಳೆಯ ಜಾಝ್ ರೆಕಾರ್ಡುಗಳಲ್ಲಿ ಗಿಟಾರ್ ಒಂಟಿಯಾಗಿ ಮಾತಾಡುವ ಭಾಗವನ್ನು, ಅಂದರೆ ಸೋಲೋವನ್ನು, ಕೇಳಿ ಕೇಳಿ ಬರೆದುಕೊಳ್ಳುವುದು.

ಮೊದಲು ಬಾಯಿ, ಆಮೇಲೆ ಕೈ, ಕೊನೆಗೆ ಪೆನ್ಸಿಲ್. ಬೇರೆಯವರು ಬರೆದದ್ದನ್ನು ನೋಡುವಂತಿಲ್ಲ. ಅದು ಡೆನ್ಜಿಲ್ ರೊಜಾರಿಯೊ ಅವರ ನಿಯಮ.

ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ಲೋಹ ಕಡೆಯುವ ಲೇತ್ ಮೆಷಿನ್ ನಡೆಸುತ್ತಿದ್ದವರು. ಮೂವತ್ತಮೂರನೇ ವಯಸ್ಸಿನಲ್ಲಿ ಮುಂಬೈಯ ಹೋಟೆಲ್ ಬ್ಯಾಂಡೊಂದರಿಂದ ಕರೆ ಬಂದಿತ್ತು... ಈ ಸೋಲೋ ಬಾರಿಸಿ ತೋರಿಸಿ, ಕೆಲಸ ನಿಮ್ಮದು.

ಅವರು ಹೋಗಲಿಲ್ಲ.

ಆ ಸೋಲೋದೊಳಗಿನ ಈ ಹದಿನೈದು ಸ್ವರ ಕೈಗೆ ಸಿಗಲಿಲ್ಲ. ತನ್ನ ಯೋಗ್ಯತೆ ಇಷ್ಟೇ ಎಂದುಕೊಂಡರು. ಅಂದಿನಿಂದ ಮಕ್ಕಳಿಗೆ ಕಲಿಸಿದರೇ ಹೊರತು ನಾಲ್ಕು ಜನರ ಮುಂದೆ ಗಿಟಾರ್ ಹಿಡಿಯಲಿಲ್ಲ. ಈಗ ಎಪ್ಪತ್ತೊಂದು ವರ್ಷ...

ಸರ್ ಚಹಾ ಮಾಡಲು ಒಳಗೆ ಹೋದರು.

ಟೇಪಿನ ದನಿ ಮಸುಕಾಗಿತ್ತು. ಸ್ಪಷ್ಟವಾಗಿ ಕೇಳಿಸಿಕೊಳ್ಳೋಣವೆಂದು ಶೈಲಾ ಅದೇ ರೆಕಾರ್ಡನ್ನು ಫೋನಿನಲ್ಲಿ ಹುಡುಕಿ ಹಚ್ಚಿದಳು. ಜೊತೆಗೆ ಗಿಟಾರ್ ಮೀಟಿದಳು.

ಕೂಡಲಿಲ್ಲ.

ಫೋನಿನ ದನಿ ಒಂದು ಫ್ರೆಟ್, ಅಂದರೆ ಗಿಟಾರಿನ ಒಂದು ಮನೆಯಷ್ಟು, ಕೆಳಗಿತ್ತು. ಫೋನಿನದೇ ತಪ್ಪಿರಬೇಕು ಎಂದು ಇನ್ನೊಂದು ಕಡೆ ಹುಡುಕಿದಳು. ಅಲ್ಲಿಯೂ ಹಾಗೆಯೇ... ಮೂರನೆಯದೂ ಹಾಗೆಯೇ.

ಕೈಯನ್ನು ಒಂದು ಫ್ರೆಟ್ ಕೆಳಕ್ಕೆ ಜಾರಿಸಿದಳು.

ಹದಿನೈದು ಸ್ವರ ತಾವಾಗಿಯೇ ಉದುರಿದವು. ಎರಡು ಕಡೆ ತಂತಿಯನ್ನು ಒತ್ತುವುದೇ ಬೇಕಿರಲಿಲ್ಲ... ಖಾಲಿ ತಂತಿ ಮೀಟಿದರೆ ಸಾಕಿತ್ತು.

ಗಡಿಯಾರ ಇಟ್ಟು ನೋಡಿದಳು. ಫೋನಿನಲ್ಲಿ ಆ ಸೋಲೋ ನೂರಾ ಆರು ಸೆಕೆಂಡ್. ಟೇಪಿನಲ್ಲಿ ನೂರು.

ಟೇಪು ಸುಳ್ಳು ಹೇಳಿತ್ತು. ಮೂವತ್ತೆಂಟು ವರ್ಷ.

ಒಳಗಿನಿಂದ ಚಮಚದ ಸದ್ದು ಬರುತ್ತಿತ್ತು. ಶೈಲಾ ಆ ಕಡೆ ನೋಡಿದಳು. ಹೇಳಿದರೆ ಈ ಮನುಷ್ಯ ಕಳೆದುಕೊಂಡ ಬದುಕನ್ನು ಅವರ ಎದುರಿಗೇ ತಂದು ಇಟ್ಟಂತೆ... ಹೇಳದೆ ಹೋದರೆ, ತಾನು ಕೈಲಾಗದವನೆಂದೇ ಅವರು ಕಣ್ಣು ಮುಚ್ಚುತ್ತಾರೆ.

ಸರ್ ಕಪ್ಪು ಇಟ್ಟರು. "ಯಾಕ ತಂಗಿ, ಮಾರಿ ಹಿಂಗ್ಯಾಕ?"

ಅವಳು ಫೋನ್ ಹಚ್ಚಿ, ಅದರ ಜೊತೆ ಬಾರಿಸಿದಳು. ಹದಿನೈದೂ ಸ್ವರ. ಎಡವದೆ.

ಆಮೇಲೆ ಟೇಪ್ ಹಚ್ಚಿದಳು.

ಡೆನ್ಜಿಲ್ ಸರ್ ಎರಡನ್ನೂ ಮತ್ತೆ ಮತ್ತೆ ಹಚ್ಚಿಸಿ ಕೇಳಿದರು. ಚಹಾದ ಮೇಲೆ ಕೆನೆ ಕಟ್ಟಿತು...

"ಪುಲ್ಲಿ," ಅಂದರು.

"ಏನ್ರಿ ಸರ್?"

"ನನ್ನ ರೆಕಾರ್ಡ್ ಪ್ಲೇಯರ್ ಕೆಟ್ಟಿತ್ತು. ರೆಕಾರ್ಡ್ ತಿರಗಸೂ ಮೋಟಾರಿನ ಸಣ್ಣ ಗಾಲಿ, ಆ ಪುಲ್ಲಿ, ಸವದಿತ್ತು. ವರ್ಕ್‌ಶಾಪಿನ ಲೇತ್ ಮ್ಯಾಲೆ ನಾನೇ ಹೊಸಾದು ಮಾಡಿ ಹಾಕಿದ್ದೆ. ಅದರಾಗ ರೆಕಾರ್ಡ್ ಹಚ್ಚಿ ಈ ಕ್ಯಾಸೆಟ್ ತುಂಬಿಕೊಂಡೆ. ಪುಲ್ಲಿ ಅರ್ಧ ಮಿಲಿಮೀಟರ್ ದಪ್ಪ ಆಗಿರಬೇಕು... ರೆಕಾರ್ಡ್ ಜೋರ ತಿರಗೇದ. ದನೀನೂ ಏರೇದ, ಓಟಾನೂ ಏರೇದ."

ಅವರು ನಗಲು ನೋಡಿದರು. ಆಗಲಿಲ್ಲ.

"ಇಡೀ ವರ್ಕ್‌ಶಾಪಿನ್ಯಾಗ ಡೆನ್ಜಿಲ್‌ನ ಅಳತಿ ತಪ್ಪಂಗಿಲ್ಲ ಅಂತಿದ್ರು, ತಂಗಿ."

"ಸರ್, ನಾ ಹೇಳಬಾರದಿತ್ತೇನೋ..."

"ಗಿಟಾರ್ ಕೊಡು ಇಲ್ಲೆ."

ಮೊದಲ ಸಲ ಬೆರಳು ಹಳೆಯ ಜಾಗಕ್ಕೇ ಓಡಿತು. ಎರಡನೇ ಸಲ ಅರ್ಧ ಬಂತು.

ಮೂರನೇ ಸಲ... ಅಮೆರಿಕಾದವನ ಗಿಟಾರ್ ಯಾವುದು, ಕೇಶ್ವಾಪುರದ ಗಿಟಾರ್ ಯಾವುದು ಎಂದು ಶೈಲಾಳಿಗೆ ತಿಳಿಯಲಿಲ್ಲ.

ಸರ್ ನಿಲ್ಲಿಸಲಿಲ್ಲ. ಕಣ್ಣೀರು ಮೂಗಿನ ತುದಿಗೆ ಇಳಿದು ಗಿಟಾರಿನ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಪೂರ್ತಿ ನೂರಾ ಆರು ಸೆಕೆಂಡ್ ಬಾರಿಸಿದರು.

ಶೈಲಾಳೂ ಅಳುತ್ತಿದ್ದಳು.

"ನೀ ಯಾಕ ಅಳ್ತೀ? ನನ್ನ ಕೈ ಛಲೋ ಐತಿ ಅಂತ ಈಗ ಗೊತ್ತಾತು. ಇದು ಅಳೂ ಮಾತೇನು?"

"ನೀವೂ ಅಳಾಕತ್ತೀರಲ್ರಿ."

"ನನಗ ವಯಸ್ಸಾಗೇದ. ನಡೀತದ."

ಇಬ್ಬರೂ ನಕ್ಕರು.

ಶೈಲಾಳಿಗೆ ಒಂದು ವಿಚಾರ ಹೊಳೆಯಿತು. ಫೋನಿನಲ್ಲಿ ವೇಗ ಹೆಚ್ಚಿಸುವ ಸೌಲಭ್ಯವಿತ್ತು.

"ಸರ್, ಮೂವತ್ತೆಂಟು ವರ್ಷ ಆ ಜೋರ ಓಟಕ್ಕನ ಕೈ ಪಳಗಿಸೀರಿ. ಈಗ ದಾರಿ ಸಿಕ್ಕೇತಿ... ಫೋನಿನ್ಯಾಗ ಟೇಪಿನಷ್ಟಾ ಸ್ಪೀಡ್ ಇಡ್ತೀನಿ. ಒಂದು ಸಲ ಬಾರಿಸಿಬಿಡ್ರಿ. ಅದನ್ನೂ ಗೆದ್ದಂಗ ಆಗ್ತದ."

ಡೆನ್ಜಿಲ್ ಸರ್ ತಲೆ ಎತ್ತಲಿಲ್ಲ.

"ಬ್ಯಾಡ."

"ಒಂದಾ ಸಲ, ಸರ್. ಖಂಡಿತ ಬರ್ತದ ನಿಮಗ."

"ಬಂದ್ರೂ ಬ್ಯಾಡ. ಆ ಓಟದಾಗ ಅಮೆರಿಕಾದಂವನೂ ಬಾರಿಸಿಲ್ಲ."

*

ಎಷ್ಟೋ ಸಲ ನಾವು ಸೋತದ್ದು ಯಾರೂ ಓಡದ ಓಟಕ್ಕೆ...

ನೀವು ಯಾವುದೋ ವೇಗಕ್ಕೆ ಹೆದರಿ ಕೈಬಿಟ್ಟ ಕೆಲಸವೊಂದು ಇದ್ದೇ ಇದೆಯಲ್ಲ... ಆ ವೇಗ ನಿಜವೇ ಎಂದು ಒಮ್ಮೆಯಾದರೂ ಅಳೆದು ನೋಡಿದ್ದೀರಾ?