ಮಾದರಿ ಸಲಿಕೆ

ಟ್ರಿಗ್ ತನಗೆ ಉಳಿದಿದ್ದ ಒಂದು ಕೈಯಲ್ಲಿ ಸಲಿಕೆ ಎತ್ತಿ ಲೆವರೆಟ್‌ನ ಮೇಜಿನ ಮೇಲಿಟ್ಟ. ಅದರ ಅಲಗು ಕುಡುಕನ ಹ್ಯಾಟಿನ ಅಂಚಿನ ಹಾಗೆ ಮೇಲಕ್ಕೆ ಮಡಚಿಕೊಂಡಿತ್ತು. ಲಂಡನ್ನಿನಲ್ಲಿರುವ ಸೈನ್ಯದ ಉಗ್ರಾಣದಲ್ಲಿ ಮಾದರಿಗಳ ಕೋಣೆಯನ್ನು ನೋಡಿಕೊಳ್ಳುವ ಲೆವರೆಟ್ ಮೊದಲು ಸಲಿಕೆಯ ಕೆಳಗೆ ಸಿಕ್ಕಿಕೊಂಡ ಕಾಗದಗಳನ್ನು ಎಳೆದುಕೊಂಡ. ಆಮೇಲೆ ಟ್ರಿಗ್‌ನ ಅಂಗಿಯ ಖಾಲಿ ತೋಳನ್ನು ನೋಡಿದ.

“ಸೆವಾಸ್ಟೊಪೋಲ್ ಮುತ್ತಿಗೆಯಿಂದ ತಂದಿದ್ದು ಸ್ವಾಮಿ. ಕಂದಕ ತೋಡೋ ಪಡೆಯವನು ನಾನು. ನಮ್ಮ ಕರ್ನಲ್ ಹೇಳ್ತಾರೆ...” ಟ್ರಿಗ್ ಗಲ್ಲ ಒಳಗೆಳೆದುಕೊಂಡು ದನಿ ದಪ್ಪ ಮಾಡಿದ. “‘ಎದೆಯುದ್ದ ತೋಡ್ರಯ್ಯಾ, ಎದೆಯುದ್ದ.’ ಈ ಸಲಿಕೇಲಿ ಮೊಣಕಾಲುದ್ದ ತೋಡೋದ್ರೊಳಗೆ ಬೆಳಗಾಯ್ತು. ರಷ್ಯಾದವರಿಗೆ ನಾವು ಮೊಣಕಾಲಿಂದ ಮೇಲೆ ಪೂರ್ತಿ ಕಾಣಿಸ್ತಿದ್ವಿ. ನನ್ನ ಕೈ ಅಲ್ಲೇ ಇದೆ. ನನ್ನ ತಮ್ಮ ಸೈಲಸ್ಸೂ ಅಲ್ಲೇ ಇದಾನೆ, ಇನ್ನೂ ತೋಡ್ತಾ ಇದಾನೆ. ಇವತ್ತು ಸಾಯಂಕಾಲದ ಹಡಗಲ್ಲಿ ಇಂಥವೇ ನಾಲ್ಕು ಸಾವಿರ ಹೋಗ್ತಿವೆಯಂತೆ. ಅದನ್ನು ನಿಲ್ಸಿ.”

“ಇಲ್ಲಿಂದ ಹೋಗೋದೆಲ್ಲ ಮಾದರಿ ಪ್ರಕಾರ ಹೋಗುತ್ತಪ್ಪಾ,” ಎಂದು ಲೆವರೆಟ್ ಗೋಡೆಯ ಕಡೆ ಕೈ ತೋರಿಸಿದ. ಹದಿನೆಂಟು ವರ್ಷಗಳಿಂದ ಅಲ್ಲಿ ಮಾದರಿ ಸಲಿಕೆ ತೂಗುತ್ತಿತ್ತು. ಹಿಡಿಗೆ ಕೆಂಪು ಅರಗಿನ ಮೊಹರು, ಮೊಹರಿನ ಪಕ್ಕ ‘ಬಳಸತಕ್ಕದ್ದಲ್ಲ’ ಎಂಬ ಚೀಟಿ. ಪ್ರತಿ ಸೋಮವಾರ ಲೆವರೆಟ್ ತಾನೇ ಅದಕ್ಕೆ ಕೊಬ್ಬು ಸವರಿ ಉಜ್ಜುತ್ತಿದ್ದ. ಮಣ್ಣನ್ನೇ ಕಾಣದ ಆ ಅಲಗಿನಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು.

ಮಾತು ಕೇಳಿ ಪಕ್ಕದ ಕೋಣೆಯಿಂದ ತಪಾಸಣೆಯ ಅಧಿಕಾರಿ ಕ್ಯಾಪ್ಟನ್ ಹಾರ್ಬಿನ್ ಎದ್ದು ಬಂದ. ಒಳ್ಳೆಯ ಮನುಷ್ಯ, ಟ್ರಿಗ್‌ಗೆ ಕೂರಲು ಹೇಳಿದ. “ನ್ಯಾಯವಾಗಿ ನೋಡೋಣ. ಮಾದರಿಗೂ ಇದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಸಿಕ್ಕರೂ ಹಡಗು ನಿಲ್ಲಿಸ್ತೀನಿ.” ಮಡಚಿದ್ದನ್ನು ಅಳೆಯುವುದು ಹೇಗೆ? ಲೆವರೆಟ್ ಅದನ್ನು ಕಲ್ಲುಚಪ್ಪಡಿಯ ಮೇಲಿಟ್ಟು ತುಳಿದ. ಎರಡನೆಯ ತುಳಿತಕ್ಕೆ ಅಲಗು ನೆಟ್ಟಗಾಯಿತು.

“ನೋಡಿದ್ರಾ ಸಾಹೇಬ್ರೆ, ಗುಮಾಸ್ತರ ಬೂಟಿಗೇ ಬಗ್ಗುತ್ತೆ,” ಎಂದ ಟ್ರಿಗ್. ಅದು ಅಳತೆಯ ಬಾಬತ್ತಲ್ಲವಾದ್ದರಿಂದ ಯಾರೂ ಬರೆದುಕೊಳ್ಳಲಿಲ್ಲ. ಅಲಗಿನ ದಪ್ಪ, ಅಗಲ, ಹಿಡಿಯ ಉದ್ದ, ಮೊಳೆಗಳ ಸಂಖ್ಯೆ, ಎಲ್ಲವೂ ಗೋಡೆಯ ಮೇಲಿದ್ದದ್ದಕ್ಕೆ ಸರಿಯಾಗಿ ಹೊಂದಿದವು. “ಮಾದರಿ ಪ್ರಕಾರವೇ ಇದೆ,” ಎಂದ ಹಾರ್ಬಿನ್. ಅವನ ದನಿಯಲ್ಲಿ ನಿಜವಾದ ನೆಮ್ಮದಿಯಿತ್ತು.

“ಅಲ್ಲ ಸ್ವಾಮಿ, ಈ ನಿಮ್ಮ ಮಾದರಿ ಯಾವತ್ತಾದ್ರೂ ಮಣ್ಣು ಅಗೆದಿದೆಯಾ?”

“ಅಗೆಯೋಕಲ್ಲಪ್ಪಾ ಅದಿರೋದು, ಹೋಲಿಸೋಕೆ. ಅದರ ಹತ್ತಿರ ಅಷ್ಟು ಸಲುಗೆ ಬೇಡ, ಮುಟ್ಟಬೇಡ, ಏ...” ಎಂದು ಲೆವರೆಟ್ ಅನ್ನುವಷ್ಟರಲ್ಲಿ ಟ್ರಿಗ್ ಅದನ್ನು ಮೊಳೆಯಿಂದ ಕಿತ್ತು ಅಂಗಳಕ್ಕೆ ಇಳಿದಿದ್ದ. ಹಿಡಿಯನ್ನು ಕಂಕುಳಿಗೆ ಆನಿಸಿಕೊಂಡು, ಅಲಗಿನ ಮೇಲೆ ಬೂಟುಗಾಲಿಟ್ಟು ಜೇಡಿಮಣ್ಣಿಗೆ ಒತ್ತಿದ. ಮೊದಲ ಸಲ ತುಸು ಇಳಿಯಿತು. ಎರಡನೆಯ ಸಲ ಅಲುಗಿತು. ಮೂರನೆಯ ಸಲ ಹದಿನೆಂಟು ವರ್ಷದ ಹೊಳಪು ಮೆಲ್ಲಗೆ ಮೇಲಕ್ಕೆ ಮಡಚಿಕೊಂಡಿತು, ಮೊಹರು ಚಟ್ಟನೆ ಸಿಡಿದು ಹೋಯಿತು.

“ಇದು ಲಂಡನ್ನಿನ ಮಣ್ಣು ಸಾಹೇಬ್ರೆ,” ಏದುಸಿರು ಬಿಡುತ್ತ ಟ್ರಿಗ್ ಹೇಳಿದ. “ಅಲ್ಲಿರೋದು ಕಲ್ಲು.”

ಲೆವರೆಟ್ ಸಾವಿನ ಮನೆಯಲ್ಲಿ ನಿಂತವನ ಹಾಗೆ ಟೋಪಿ ತೆಗೆದ. ಹಾರ್ಬಿನ್ ಸಿಡಿದ ಮೊಹರಿನ ಚೂರೊಂದನ್ನು ಬಗ್ಗಿ ಎತ್ತಿಕೊಂಡ. “ಮಾದರಿ ಹಾಳಾಯ್ತು. ಮಾದರಿ ಇಲ್ಲದೆ ನಾನು ಪ್ರಮಾಣಪತ್ರಕ್ಕೆ ಸಹಿ ಹಾಕೋ ಹಾಗಿಲ್ಲ. ಸಹಿ ಇಲ್ಲದೆ ಹಡಗು ಬಿಡೋ ಹಾಗಿಲ್ಲ.”

ಟ್ರಿಗ್ ಮೆಟ್ಟಿಲ ಮೇಲೆ ಕುಸಿದು ಕೂತ. ಕೈ ಹೋದಮೇಲೆ ಮೊದಲ ಸಲ ನಕ್ಕ. “ಸೈಲಸಾ, ನೀನು ಬದುಕ್ಕೊಂಡೆ ಕಣೋ,” ಎಂದು ಜೇಡಿಮಣ್ಣಿಗೆ ಹೇಳಿದ.

ಹಾರ್ಬಿನ್ ಅಂಗಳದಾಚೆಯ ನದಿಯ ಕಡೆ ತಿರುಗಿದ. ಉಬ್ಬರದ ನೀರು ಇಳಿಯತೊಡಗಿತ್ತು, ಇನ್ನು ಸ್ವಲ್ಪ ಹೊತ್ತಿಗೆ ಹಡಗು ಹೊರಡಬೇಕು. “ಲೆವರೆಟ್, ಹಡಗಿಗೆ ಹೇರ್ತಾ ಇರೋ ಪೆಟ್ಟಿಗೇಲಿ ಒಂದು ಒಳ್ಳೇ ಸಲಿಕೆ ಆರಿಸಿ ತನ್ನಿ.”

“ಯಾತಕ್ಕೆ ಸಾಹೇಬ್ರೆ?”

“ಹೊಸ ಮಾದರಿಗೆ.”

ಕಾಲು ಗಂಟೆಯಲ್ಲಿ ಮೇಣದಬತ್ತಿಯ ಮೇಲೆ ಕೆಂಪು ಅರಗು ಕರಗಿತು. “ಸಿಪಾಯಿ, ಅಲುಗಾಡದ ಹಾಗೆ ಹಿಡ್ಕೋ,” ಎಂದ ಹಾರ್ಬಿನ್. ಟ್ರಿಗ್‌ನ ಮನಸ್ಸು ಒಲ್ಲೆ ಎನ್ನುವುದರೊಳಗೆ ಹನ್ನೊಂದು ವರ್ಷ ಹುಕುಂ ಕೇಳಿ ಪಳಗಿದ ಕೈ ಸಲಿಕೆಯ ಹಿಡಿ ಹಿಡಿದಾಗಿತ್ತು. ಮೊಹರು ಬಿತ್ತು. ನಾಲ್ಕು ಸಾವಿರ ಸಲಿಕೆಗಳೂ ಮಾದರಿಗೆ ಸರಿಹೊಂದುತ್ತವೆ ಎಂಬ ಪ್ರಮಾಣಪತ್ರಕ್ಕೆ ಹಾರ್ಬಿನ್ ಸಹಿ ಹಾಕಿದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಲೆವರೆಟ್ ಮಡಚಿಕೊಂಡ ಸಲಿಕೆಯಿಂದ ಹಳೆಯ ಚೀಟಿ ಬಿಚ್ಚಿ, ಮಣ್ಣು ಒರೆಸಿ, ಹೊಸದರ ಹಿಡಿಗೆ ಕಟ್ಟಿದ. ‘ಬಳಸತಕ್ಕದ್ದಲ್ಲ.’

ಟ್ರಿಗ್ ಅದನ್ನು ಎರಡು ಸಲ ಓದಿದ.

“ಸ್ವಾಮಿ, ಇಂಥ ಚೀಟಿ ಇನ್ನೂ ನಾಲ್ಕು ಸಾವಿರ ಇದ್ರೆ ಕೊಡಿ. ಹಡಗಲ್ಲಿರೋ ಒಂದೊಂದಕ್ಕೂ ಕಟ್ಟಿ ಬರ್ತೀನಿ. ನೀವೂ ಜೊತೆಗೆ ಬನ್ನಿ. ಗಂಟು ಹಾಕೋಕೆ ಎರಡು ಕೈ ಬೇಕು.”