ಸಲ್ಮಾ ಈಗ ಎಲ್ಲಿ?

ಎಲ್ಲರ ಕೈಯಲ್ಲೂ ಊಟದ ತಟ್ಟೆ ಇರುವಾಗಲೇ ವಿಶ್ವಾಸ್ ಟಿ.ವಿ. ಹಾಕಿ, "ರಂಜು, ಕಣ್ಣು ಮುಚ್ಕೋ. ಸರ್‌ಪ್ರೈಸ್!" ಎಂದ. ಭಾನುವಾರದ ಊಟಕ್ಕೆಂದು ಟೆಕ್ಸಾಸ್‌ನ ಕೇಟಿ ಊರಿನಿಂದ ಆಸ್ಟಿನ್ ಪಕ್ಕದ ಲಿಯಾಂಡರ್‌ವರೆಗೆ ಡ್ರೈವ್ ಮಾಡಿಕೊಂಡು ಬಂದಿದ್ದ ಹಿರಿಯ ಸ್ನೇಹಿತರಾದ ತಿರುಮಲ, ವಸುಧಾ ದಂಪತಿ ಹೋಳಿಗೆ ಮುರಿಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ರಂಜನಿ ಕಣ್ಣು ಮುಚ್ಚಲಿಲ್ಲ. ಗಂಡನ ಸರ್‌ಪ್ರೈಸ್‌ಗಳನ್ನು ಅವಳು ಮದುವೆಯಾದಾಗಿನಿಂದಲೂ ಕಣ್ಣು ಬಿಟ್ಟುಕೊಂಡೇ ಎದುರಿಸುತ್ತ ಬಂದವಳು.

ಪರದೆಯ ಮೇಲೆ ಒಂದು ಮ್ಯಾಪು ಬಿಚ್ಚಿಕೊಂಡಿತು. ಬೋಳು ಗುಡ್ಡಗಳು, ತಪ್ಪಲಲ್ಲಿ ಆಲಿವ್ ತೋಟಗಳು, ನಡುವೆ ಮಿನುಗುವ ಒಂದು ಕೆಂಪು ಚುಕ್ಕೆ. ಮೇಲೆ ದಪ್ಪ ಅಕ್ಷರದಲ್ಲಿ 'ಸಲ್ಮಾ ಈಗ ಎಲ್ಲಿ?' ಎಂಬ ತಲೆಬರಹ.

ಸಲ್ಮಾ ಎಂದರೆ ದಕ್ಷಿಣ ಲೆಬನಾನಿನ ಒಂದು ಹೆಣ್ಣು ಕತ್ತೆಕಿರುಬ. ಆಸ್ಟಿನ್ನಿನ ಯೂನಿವರ್ಸಿಟಿಯಲ್ಲಿ ವನ್ಯಜೀವಿ ಸಂಶೋಧನೆ ಮಾಡುವ ರಂಜನಿ ವರ್ಷಗಳಿಂದ ಅದರ ಬೆನ್ನು ಬಿದ್ದಿದ್ದಳು. ಅದರ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿದವಳೂ ಅವಳೇ. ಆ ಸೀಮೆಯಲ್ಲಿ ಬಂದೂಕಿಲ್ಲದ ಮನೆ ಕಡಿಮೆ, ಕತ್ತೆಕಿರುಬವನ್ನು ಕಂಡು ಸುಮ್ಮನಿರುವವರು ಇನ್ನೂ ಕಡಿಮೆ. ಕೊಂದು, ಅದರ ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಂಡರೆ ಕೆಲವರಿಗೆ ಊರಲ್ಲಿ ಮೀಸೆ ತಿರುವಿದ ಹಾಗೆ. ಹಾಗಿದ್ದೂ ಸಲ್ಮಾ ಉಳಿದಿದ್ದು ಯುದ್ಧದ ಕೃಪೆಯಿಂದ. ಅದರ ಗುಹೆಯ ಸುತ್ತ ಹಳೆಯ ಯುದ್ಧ ಬಿಟ್ಟುಹೋದ ನೆಲಬಾಂಬುಗಳಿದ್ದವು. ಅತ್ತ ಕಾಲಿಡುವ ಧೈರ್ಯ ಯಾರಿಗೂ ಇರಲಿಲ್ಲ. ಈ ಸಲ ಮರಿಗಳೂ ಆಗಿದ್ದವು. ಗುಹೆಯ ಜಾಗ ಗೊತ್ತಿದ್ದವರು ಇಬ್ಬರೇ: ರಂಜನಿ, ಮತ್ತು ಯಾರಿಗೂ ಹೇಳಬೇಡ ಎಂದು ಮಾತು ತೆಗೆದುಕೊಂಡು ಅದನ್ನು ಅವಳಿಗೆ ದೂರದಿಂದ ತೋರಿಸಿದ ಆ ಊರಿನ ಮೇಷ್ಟ್ರು ನಬೀಲ್. ಪ್ರಕಟಿಸಿದ ಪೇಪರುಗಳಲ್ಲಿ ಅವಳು ಊರಿನ ಹೆಸರನ್ನು ಕೂಡ ಬರೆದಿರಲಿಲ್ಲ. ಇನ್ನು, ಪಟ್ಟಿಯಿಂದ ಬರುವ ಮಾಹಿತಿಯನ್ನು ಇಳಿಸಿಕೊಳ್ಳುವ ಪ್ರೋಗ್ರಾಮ್ ಬರೆದುಕೊಟ್ಟವನು ವಿಶ್ವಾಸ್. ಗಂಡನನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಲೈವ್ ಕಣೇ! ಐದೈದು ನಿಮಿಷಕ್ಕೆ ಅಪ್‌ಡೇಟ್ ಆಗತ್ತೆ. ನಿನ್ನ ಗ್ರಾಂಟ್ ಬೇರೆ ಮುಗೀತಾ ಬಂತು. ನಾಲ್ಕು ಜನಕ್ಕೆ ಗೊತ್ತಾದ್ರೆ ತಾನೇ ಯಾರಾದ್ರೂ ಮುಂದೆ ಬರೋದು?"

"ಇದು ನಮ್ಮನೇಲಿ ಮಾತ್ರ ಕಾಣತ್ತೆ, ಅಲ್ವಾ?" ರಂಜನಿ ತಟ್ಟೆಯನ್ನು ಟೇಬಲ್ ಮೇಲಿಟ್ಟಳು.

"ನಮ್ಮನೇಲಿ ನೋಡೋಕೆ ವೆಬ್‌ಸೈಟ್ ಯಾಕೆ ಬೇಕು? ಹೋದ ವಾರನೇ ಪಬ್ಲಿಕ್ ಮಾಡ್ದೆ. ಅಲ್ಲಿನ ಜನಕ್ಕೂ ಹೆಮ್ಮೆ ಆಗ್ಲಿ ಅಂತ ಅರಬ್ಬಿ ಭಾಷೇಲೂ ಹಾಕಿದೀನಿ."

"ಭೇಷ್!" ಎಂದರು ತಿರುಮಲ. ವಿಶ್ವಾಸ್ ಉಬ್ಬಿಹೋದ. "ಇಲ್ಲಿ ನೋಡಿ ಅಂಕಲ್, ಟೆಕ್ಸಾಸ್‌ಗಿಂತ ಲೆಬನಾನ್‌ನಿಂದಲೇ ಹಿಟ್ಸ್ ಜಾಸ್ತಿ. ಅದರಲ್ಲೂ ಒಬ್ಬ ಹೊತ್ತು ಮುಳುಗಿದ್ರೆ ಸಾಕು, ಸೈಟ್ ಬಿಟ್ಟು ಅಲ್ಲಾಡಲ್ಲ. ಸಲ್ಮಾಗೆ ಒಬ್ಬ ಫ್ಯಾನ್ ಸಿಕ್ಕಿದಾನೆ!"

ರಂಜನಿ ಎದ್ದು ನಿಂತಳು.

"ತೆಗಿ ಅದನ್ನ. ಈಗಲೇ."

"ಊಟ ಮುಗಿಸಿ ನೋಡೋಣ, ಏನಾಯ್ತು ಈಗ?"

"ಅವಳು ಯಾವ ದಾರೀಲಿ ಹೊರಗೆ ಬರ್ತಾಳೆ, ಎಷ್ಟೊತ್ತಿಗೆ ಬರ್ತಾಳೆ ಅಂತ ವಾರದಿಂದ ಊರಿಗೆಲ್ಲ ಸಾರ್ತಾ ಇದೀಯಲ್ಲೋ! ಇನ್ನು ಯಾವನೂ ಆ ಬಾಂಬಿನ ನೆಲಕ್ಕೆ ಕಾಲಿಡಬೇಕಾಗಿಲ್ಲ. ಆಚೆ ಕಡೆ ಬಂದೂಕು ಹಿಡ್ಕೊಂಡು ಕಾದು ಕೂತ್ರೆ ಸಾಕು."

ವಿಶ್ವಾಸ್ ಪೆಚ್ಚಾದ. ಕೆಟ್ಟವನಲ್ಲ ಅವನು, ಯಾರು ಕೇಳಲಿ ಬಿಡಲಿ, ಒಳ್ಳೆಯದನ್ನು ಮಾಡಿಯೇ ತೀರುವವನು. ತೊಳೆಯದ ಕೈಯಲ್ಲೇ ಲ್ಯಾಪ್‌ಟಾಪ್ ಎಳೆದುಕೊಂಡು ಏನೇನೋ ಒತ್ತತೊಡಗಿದ. ರಂಜನಿ ನಬೀಲ್‌ಗೆ ಫೋನ್ ಹಚ್ಚಿದಳು. ಇಲ್ಲಿ ಮಧ್ಯಾಹ್ನವಾದರೆ ಅಲ್ಲಿ ಕತ್ತಲಾಗಿರುತ್ತದೆ. ಸಲ್ಮಾ ಆಹಾರ ಹುಡುಕಿ ಹೊರಡುವ ಹೊತ್ತು. ಫೋನ್ ರಿಂಗ್ ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

"ಅಯ್ಯೋ, ನೋಡ್ರೀ, ಹೊರಟ್ಲು!" ವಸುಧಾ ಟಿ.ವಿ.ಯತ್ತ ಕೈ ತೋರಿಸಿದರು.

ಚುಕ್ಕೆ ಗುಡ್ಡ ಬಿಟ್ಟು ಕೆಳಗೆ ಬಂದಿತ್ತು. ಐದು ನಿಮಿಷದ ನಂತರದ ಅಪ್‌ಡೇಟ್‌ನಲ್ಲಿ ಆಲಿವ್ ತೋಟಗಳನ್ನೂ ದಾಟಿ, ಡಾಂಬರು ರಸ್ತೆಯ ಮೇಲಿತ್ತು. ಅದರ ಮುಂದಿನ ಸಲ ಅದೇ ರಸ್ತೆಯಲ್ಲಿ ಮೂರು ಊರು ಆಚೆಗಿತ್ತು.

"ಏನ್ ಸ್ಪೀಡ್ರೀ ಇದರದ್ದು!" ತಿರುಮಲ ಚಪ್ಪಾಳೆ ತಟ್ಟಿದರು. "ನಮ್ಮ ಐ-ಟೆನ್ ಹೈವೇ ಮೇಲೆ ಕಾರು ಹೋದ ಹಾಗೆ ಹೋಗ್ತಿದೆಯಲ್ಲ!"

"ಕತ್ತೆಕಿರುಬ ಅಷ್ಟು ಜೋರಾಗಿ ಓಡಲ್ಲ ಅಂಕಲ್" ಎಂದಳು ರಂಜನಿ. ಪಾಠ ಹೇಳುವಾಗಿನ ಅದೇ ದನಿ. "ಅವಳನ್ನ ಹೊಡೆದು ಗಾಡೀಲಿ ಹಾಕ್ಕೊಂಡು ಹೋಗ್ತಿದಾರೆ."

ತಿರುಮಲರ ಕೈಗಳು ಹಾಗೇ ನಿಂತವು. ವಸುಧಾ ಮೆಲ್ಲಗೆ, "ಮರಿಗಳು?" ಎಂದರು.

"ಗುಹೇಲಿ ಇರ್ತವೆ. ಅಮ್ಮ ಬರ್ತಾಳೆ ಅಂತ."

ರಂಜನಿಗೆ ಅಳು ಬರಬೇಕಿತ್ತು. ಬರಲಿಲ್ಲ. ಅದರ ಬದಲು ಗಂಡನ ಮೇಲೆ ಮೈ ಉರಿಯುವಷ್ಟು ಕೋಪ ಬಂತು. ಎದುರಿಗೆ ನೆಂಟರಂಥವರು ಕೂತಿದ್ದರಿಂದ ಅದನ್ನೂ ನುಂಗಿಕೊಂಡಳು.

"ತೆಗೆದೆ ಕಣೇ" ವಿಶ್ವಾಸ್ ಲ್ಯಾಪ್‌ಟಾಪಿನಿಂದ ಮುಖ ಎತ್ತದೆ ಹೇಳಿದ. "ಸೈಟ್ ಪೂರ್ತಿ ತೆಗೆದುಹಾಕಿದೀನಿ. ಇನ್ನು ಪ್ರಪಂಚದಲ್ಲಿ ಯಾರಿಗೂ ಕಾಣಲ್ಲ. ನಮಗೆ ಮಾತ್ರ."

ನಾಲ್ವರೂ ನೋಡುತ್ತಿದ್ದಂತೆ, ಕೆಂಪು ಚುಕ್ಕೆ ಒಂದು ಪೆಟ್ರೋಲ್ ಬಂಕಿನಲ್ಲಿ ಸ್ವಲ್ಪ ಹೊತ್ತು ನಿಂತು, ಮತ್ತೆ ಹೊರಟಿತು.